ನೋಯದ ಗಂಟು

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ಯಾಡಗಿ ಸೀಮೆಯಲ್ಲಿ ಈಗ ಮೆಣಸಿನಕಾಯಿ ಬಿಡಿಸುವ ದಿನಗಳು. ಹೋದ ವರ್ಷ ಇದೇ ಹೊತ್ತಿಗೆ ನಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಒಬ್ಬ ತಾಯಿ ಬಂದಿದ್ದರು. ಬಿಪಿ ನೋಡಿದೆ, ಗುಳಿಗೆ ಕೊಟ್ಟೆ. ಬಾಗಿಲ ತನಕ ಹೋದವರು ತಿರುಗಿ ಬಂದು ಕುಳಿತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಎದಿಯಾಗ ಒಂದು ಹುಣಸಿಬೀಜದಷ್ಟು ಗಂಟು ಐತ್ರಿ. ನೋಯಂಗಿಲ್ಲ ಬಿಡ್ರಿ" ಅಂದರು.

ಯಾವಾಗಿನಿಂದ ಅಂತ ಕೇಳಿದೆ. ದೀಪಾವಳಿ ದಿನ ಎಣ್ಣೆ ಹಚ್ಚಿಕೊಳ್ಳುವಾಗ ಕೈಗೆ ತಾಗಿತ್ತಂತೆ. ಸಂಕ್ರಾಂತಿ ಮುಗಿದಿತ್ತು ಆಗಲೇ. ಅರಿಷಿಣ ಅರೆದು ಹಚ್ಚಿದ್ದರು. ಸುಗ್ಗಿ ಮುಗಿದ ಮೇಲೆ ತೋರಿಸೋಣ ಅಂತ ಸುಮ್ಮನಿದ್ದರು.

ಅವರ ಆ "ನೋಯಂಗಿಲ್ಲ" ಅನ್ನುವ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಹಲ್ಲು ನೋವಿಗೆ ನಾವು ರಾತ್ರೋರಾತ್ರಿ ದವಾಖಾನೆ ಹುಡುಕುತ್ತೇವೆ, ಅಲ್ವಾ? ಆದರೆ ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಸುಮ್ನೆ ಕುಳಿತು ಬೆಳೆಯುತ್ತದೆ. ನೋವು ಬರಲಿ ಅಂತ ಕಾಯ್ದರೆ ಅಷ್ಟರಲ್ಲಿ ಅದು ಕಂಕುಳಿಗೆ ಇಳಿದಿರಬಹುದು.

ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಇದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನ ಸಾವಿರ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ಬರೀ 9 ಮಂದಿ. ಮನೆಮನೆಗೆ ತಿರುಗುವ ನನಗೆ ಇದು ಆಶ್ಚರ್ಯ ಅನಿಸಲಿಲ್ಲ. ಯಾರಾದರೂ ಗಂಡಸು ಡಾಕ್ಟರ್ ಇದ್ದರೆ ಹೇಗೆ? ಹುಬ್ಬಳ್ಳಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ದನಕ್ಕೆ ಮೇವು ಹಾಕುವವರು ಯಾರು? ಮಗಳ ಮದುವೆ ಮಾತು ನಡೆದಿದೆ, ಈಗ ಕ್ಯಾನ್ಸರ್ ಅನ್ನುವ ಮಾತು ಊರಲ್ಲಿ ಹಬ್ಬಿದರೆ? ಇವು ನೆಪಗಳಲ್ಲ. ಪ್ರತಿಯೊಂದೂ ನಿಜವಾದ ಕಷ್ಟ. ಅದಕ್ಕೇ ತಪಾಸಣೆ ಊರಲ್ಲೇ ಸಿಗಬೇಕು ಅಂತ ನಾನು ಹೇಳುವುದು.

ಸಿಗುತ್ತದೆ ಕೂಡ. 30 ದಾಟಿದ ಹೆಂಗಸರಿಗೆ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಅಂದರೆ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಈ ತಪಾಸಣೆ ಉಚಿತ. ಪರದೆ ಎಳೆದು, ಮಲಗಿಸಿ, ಒಂದು ಕೈಯನ್ನು ತಲೆಯ ಕೆಳಗೆ ಇಡಿಸುತ್ತೇವೆ. ಮೂರು ಬೆರಳು ಚಪ್ಪಟೆ ಮಾಡಿ ಸಣ್ಣ ಸುತ್ತು ಸುತ್ತುತ್ತಾ ಕಂಕುಳಿನವರೆಗೆ ಒತ್ತಿ ನೋಡುತ್ತೇವೆ. ಸೂಜಿ ಇಲ್ಲ, ಮಷಿನ್ ಇಲ್ಲ. ಬರೀ ಕೈಯಿಂದ ಏನು ಗೊತ್ತಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿದರು. ಅವರಲ್ಲಿ ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೀಗೇ ಕೈಯಿಂದ ನೋಡಿದರು. ಹಾಗೆ ನೋಡಿಸಿಕೊಂಡ 50 ದಾಟಿದವರಲ್ಲಿ, ಉಳಿದರ್ಧ ಮಂದಿಗೆ ಹೋಲಿಸಿದರೆ, ಈ ಕಾಯಿಲೆಯಿಂದ ಆಗುವ ಸಾವು ಹೆಚ್ಚುಕಡಿಮೆ ಶೇಕಡಾ 30ರಷ್ಟು ತಗ್ಗಿತ್ತು.

ಇನ್ನೊಂದು ಮಾತು. ಗಂಟು ಅಂದ ಕೂಡಲೇ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಅದನ್ನು ಸ್ಕ್ಯಾನಿಂಗ್, ಮ್ಯಾಮೋಗ್ರಾಂ ಅಂದರೆ ಸ್ತನದ ಎಕ್ಸ್-ರೇ ಹೇಳಬೇಕು, ಬೇಕಾದರೆ ಸೂಜಿಯಿಂದ ತೆಗೆದ ತುಣುಕು ಹೇಳಬೇಕು. ಸೂಜಿ ಚುಚ್ಚಿದರೆ ರೋಗ ಹಬ್ಬುತ್ತದೆ ಅನ್ನುವ ಹೆದರಿಕೆ ಬಿಡಿ. ತೊಟ್ಟು ಹೊಸದಾಗಿ ಒಳಗೆ ಸೇರಿದರೆ, ರಕ್ತದ ಬಣ್ಣದ ನೀರು ಬಂದರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿ ಆದರೆ, ಗಂಟು ಇಲ್ಲದಿದ್ದರೂ ಬಂದು ತೋರಿಸಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಸರೆ ಇದೆ.

ಅಂಗಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ರೇಡಿಯೋ ಕೇಳುತ್ತಿರುವ ಅಣ್ಣಂದಿರೇ, ತಪಾಸಣೆಯ ದಿನ ಮನೆಯ ದನಕ್ಕೆ ನೀವು ಮೇವು ಹಾಕಿ. ಅರ್ಧ ಅಡ್ಡಿ ಅಲ್ಲಿಗೇ ಕಳೆಯುತ್ತದೆ.

ಆ ತಾಯಿಯದು ಕ್ಯಾನ್ಸರೇ ಆಗಿತ್ತು. ಗಂಟು ಇನ್ನೂ ಚಿಕ್ಕದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಔಷಧಿ ನಡೆಯಿತು, ಕೂದಲು ಉದುರಿ ಮತ್ತೆ ಬಂದಿದೆ. ಮೊನ್ನೆ ಸೋಮವಾರ ನಮ್ಮ ಬಾಗಿಲಿಗೆ ಬಂದರು. ಹಿಂದೆ ನೆಗೆಣ್ಣಿ ನಾಚುತ್ತಾ ನಿಂತಿದ್ದರು. ಅವರ ಕೈ ಹಿಡಿದು ಒಳಗೆ ಎಳೆದು, "ಈಕಿಗೆ ಏನೂ ಆಗಿಲ್ರಿ ಅಕ್ಕಾರ. ಆದ್ರೂ ನೋಡ್ರಿ" ಅಂದರು.

ನಮಸ್ಕಾರ.