ಅಂಟಿಕೊಂಡ ಡಬ್ಬಿ, ನಿಂತುಹೋದ ಮಿಂಟು

ಬಂದಿರಾ? ಬನ್ನಿ, ಕೂತ್ಕೊಳ್ಳಿ. ಮೇಜಿನ ಮೇಲೆ ಗುಂಡಗಿನ ತಗಡಿನ ಡಬ್ಬಿ ಕಾಣುತ್ತಿದೆ ಅಲ್ವಾ? ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಇದಕ್ಕಾಗಿ ಮೂರು ತಿಂಗಳು ಹುಡುಕಿದ್ದೇನೆ. ಎಷ್ಟು ಕೊಟ್ಟೆ ಅಂತ ಹೇಳುವುದಿಲ್ಲ. ಅಮ್ಮ ಈ ಚಾನೆಲ್ ನೋಡುತ್ತಾರೆ.

ಒಳಗಿರುವುದು ಆಲ್ಟಾಯ್ಡ್ಸ್ ಸೌರ್ಸ್. ಆಲ್ಟಾಯ್ಡ್ಸ್ ಅನ್ನುವ ಮಿಂಟ್ ಇದೆಯಲ್ಲ, ಅದಲ್ಲ, ಅದೇ ಹೆಸರಿನ ಹುಳಿ ಕ್ಯಾಂಡಿ. 2010ರಲ್ಲಿ ಮಾಡುವುದನ್ನು ನಿಲ್ಲಿಸಿಬಿಟ್ಟರು. ಚಿಕ್ಕಂದಿನಲ್ಲಿ ನಮ್ಮ ಗುಂಪಿನಲ್ಲಿ ಇದರದ್ದೇ ಪಂದ್ಯ. ಒಂದನ್ನು ಬಾಯಿಗೆ ಹಾಕಿಕೊಂಡು ಯಾರು ಮುಖ ಸೊಟ್ಟ ಮಾಡದೆ ಇರುತ್ತಾರೋ ಅವರು ಗೆದ್ದ ಹಾಗೆ. ನಾನು ಒಂದು ಸಲವೂ ಗೆದ್ದಿಲ್ಲ. ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ನಾಲಿಗೆಯ ಸಿಪ್ಪೆ ಸುಲಿದು ಎರಡು ದಿನ ಅನ್ನವೂ ಉರಿಯುತ್ತಿತ್ತು, ಮೂರನೇ ದಿನ ಮತ್ತೆ ಡಬ್ಬಿ ಹೊರಗೆ.

ಸರಿ, ಈಗ ಮುಚ್ಚಳ ತೆಗೆಯುತ್ತಿದ್ದೇನೆ. ನೋಡಿ. ಡಬ್ಬಿ ಬೇಡ, ನನ್ನ ಮುಖ ನೋಡಿ.

ಒಂದೇ ಗಟ್ಟಿ! ಬಿಡಿಬಿಡಿಯಾಗಿ ಇರಬೇಕಾದ ಕ್ಯಾಂಡಿಯೆಲ್ಲ ಕರಗಿ, ಸೇರಿ, ಹಳೇ ಸೋಪಿನ ಬಿಲ್ಲೆಯ ಹಾಗೆ ತಳಕ್ಕೆ ಅಂಟಿ ಕೂತಿದೆ. ಮಾರಿದವರು ‘ಸೀಲ್ ಒಡೆದಿಲ್ಲ, ತಂಪಾದ ಜಾಗದಲ್ಲಿ ಇಟ್ಟಿದ್ದೆ’ ಎಂದು ಬರೆದಿದ್ದರು. ಸೀಲ್ ಒಡೆದಿರಲಿಲ್ಲ, ಅದು ನಿಜ. ಆ ತಂಪಾದ ಜಾಗ ಯಾವುದೋ ದೇವರೇ ಬಲ್ಲ. ಮೆಸೇಜ್ ಹಾಕಿದೆ. ‘ಅದು ತಿನ್ನೋಕಲ್ಲ, ಸಂಗ್ರಹಕ್ಕೆ’ ಎಂದು ಉತ್ತರ ಬಂತು. ಸಂಗ್ರಹಕ್ಕಂತೆ! ಸಂಗ್ರಹಕ್ಕೆ ಡಬ್ಬಿ ಸಾಕಿತ್ತಲ್ಲ, ಒಳಗಿನ ಬಿಲ್ಲೆ ಯಾಕೆ?

ಆಮೇಲೆ ಕೂತು ಯೋಚಿಸಿದಾಗ ಕೋಪ ಸ್ವಲ್ಪ ಇಳಿಯಿತು. ಗಟ್ಟಿ ಕ್ಯಾಂಡಿ ಅಂದರೆ ಒಂಥರಾ ಗಾಜು. ಸಕ್ಕರೆ ಪಾಕವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ, ನೀರೆಲ್ಲ ಹೋದ ಮೇಲೆ ಆರಿಸಿದ್ದು. ಗಾಳಿಯಲ್ಲಿ ಚೂರು ತೇವ ಇದ್ದರೂ ಎಳೆದುಕೊಳ್ಳುತ್ತದೆ. ಹುಳಿ ಕ್ಯಾಂಡಿಯದ್ದು ಇನ್ನೂ ಕಷ್ಟ. ಆ ಹುಳಿಯ ಆಮ್ಲವೇ ಸಕ್ಕರೆಯನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಫ್ರಕ್ಟೋಸ್ ನೀರು ಕಂಡರೆ ಬಿಡುವುದೇ ಇಲ್ಲ. ಇಷ್ಟು ವರ್ಷ ಕಳೆದ ಮೇಲೆ ಬಿಲ್ಲೆ ಆಗದೆ ಇನ್ನೇನು? ಆದರೂ ಆ ಮಾರಿದವರನ್ನು ನಾನು ಕ್ಷಮಿಸಿಲ್ಲ.

ಸ್ಕ್ರೂಡ್ರೈವರ್ ತಂದೆ. ಇದು ತಪ್ಪು, ಗೊತ್ತು. ನೀವು ಮಾಡಬೇಡಿ. ತುದಿ ಇಟ್ಟು ಒಂದೇ ಏಟು ಕೊಟ್ಟೆ. ಒಂದು ಚೂರು ಟಪ್ ಅಂತ ಹಾರಿ ನೇರ ಲೆನ್ಸಿಗೆ ಬಂದು ಅಂಟಿತು. ಈಗ ಎಡಗಡೆ ಮೂಲೆಯಲ್ಲಿ ಮಸುಕಾದ ಚುಕ್ಕೆ ಕಾಣುತ್ತಿದೆಯಲ್ಲ, ಅದು ಟ್ಯಾಂಜರೀನ್, ಅಂದರೆ ಕಿತ್ತಳೆ ಜಾತಿಯ ಹಣ್ಣಿನ ರುಚಿಯ ಆ ಕ್ಯಾಂಡಿ ಚೂರು. ಬಟ್ಟೆಯಲ್ಲಿ ಒರೆಸಿದೆ, ಇನ್ನೂ ಅಗಲ ಆಯಿತು. ಇವತ್ತಿನ ಶೂಟಿಂಗ್ ಪೂರ್ತಿ ಅದು ನಮ್ಮ ಜೊತೆಗೇ ಇರುತ್ತದೆ.

ತಿಂದೆಯಾ ಅಂತ ಕೇಳುತ್ತೀರಿ. ಸಾಸಿವೆ ಕಾಳಿನಷ್ಟು ನಾಲಿಗೆಗೆ ಹಚ್ಚಿಕೊಂಡೆ, ಅಷ್ಟೇ. ಹುಳಿ ಹಾಗೇ ಇದೆ! ಎಡಗಣ್ಣು ಮುಚ್ಚಿತು. ಆದರೆ ಹಣ್ಣಿನ ಪರಿಮಳ ಒಂದಿಷ್ಟೂ ಇಲ್ಲ. ಆಮ್ಲ ಎಲ್ಲಿಗೂ ಹೋಗುವುದಿಲ್ಲ, ಪರಿಮಳ ಮಾತ್ರ ಆರಿಹೋಗುತ್ತದೆ. ಬರೀ ಹುಳಿ. ಎರಡು ಲೋಟ ನೀರು ಕುಡಿದೆ, ಆ ಶಾಟ್ ಕತ್ತರಿಸಿದ್ದೇನೆ.

ಮುಂದಿನದು ಸರ್ಟ್ಸ್. ನನ್ನ ಹತ್ತಿರ ಇರುವುದು ಅದನ್ನು ಸುತ್ತಿದ್ದ ಕಾಗದ ಮಾತ್ರ, ಪುಸ್ತಕದ ನಡುವೆ ಸಿಕ್ಕಿತು. ಬಿಳಿ ಮಿಂಟ್, ಮೈಮೇಲೆ ಹಸಿರು ಚುಕ್ಕೆ. ನನಗದು ದೊಡ್ಡವರ ಬ್ಯಾಗಿನ ವಾಸನೆ. ಜಿಪ್ ಎಳೆದರೆ ಮೊದಲು ಮಿಂಟ್, ಆಮೇಲೆ ಪೌಡರ್, ಆಮೇಲೆ ಚಿಲ್ಲರೆ ಕಾಸು. 1956ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, 2018ರಲ್ಲಿ ನಿಂತಿತು. ‘ರೆಟ್ಸಿನ್’ ಇದೆ ಅಂತ ಜಾಹೀರಾತಿನಲ್ಲಿ ಭಾರೀ ಹೇಳುತ್ತಿದ್ದರು. ನಾನೇನೋ ದೊಡ್ಡ ಔಷಧ ಅಂದುಕೊಂಡಿದ್ದೆ. ನೋಡಿದರೆ ತಾಮ್ರದ ಗ್ಲುಕೋನೇಟ್, ಹತ್ತಿಬೀಜದ ಎಣ್ಣೆ, ಪರಿಮಳ! ನಗು ಬಂತು.

ಇದು ಕ್ಯಾಂಡಿಯೋ, ಬಾಯಿ ವಾಸನೆಗೆ ಮದ್ದೋ ಅನ್ನುವ ಜಗಳ ಕೋರ್ಟಿಗೇ ಹೋಗಿತ್ತು, ಸುಮ್ನೆ ಹೇಳುತ್ತಿಲ್ಲ. ಆಮದು ಸುಂಕದ ವಿಷಯ. 2005ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಇದು ಮಿಠಾಯಿ ಅಲ್ಲ, ಬಾಯಿಯ ಸ್ವಚ್ಛತೆಯ ಸಾಮಾನು ಎಂದು ತೀರ್ಪು ಕೊಟ್ಟಿತು. ಈ ತೀರ್ಪು ಆಗಲೇ ಗೊತ್ತಿದ್ದರೆ! ಊಟಕ್ಕೆ ಮುಂಚೆ ಕ್ಯಾಂಡಿ ತಿಂದೆ ಅಂತ ಎಷ್ಟು ಬೈಸಿಕೊಂಡಿದ್ದೇನೆ.

ಆಯ್ತು, ಆಯ್ತು, ಟೇಬಲ್ ಶಾಟ್ ಮುಗಿಯುತ್ತಾ ಬಂತು. ಬೇಗ ನೆಕೋ ವೇಫರ್ಸ್, ತೆಳ್ಳಗಿನ ಸಕ್ಕರೆ ಬಿಲ್ಲೆಗಳು. ಇದು ಸತ್ತು ಬದುಕಿದ್ದು. 1847ರಲ್ಲಿ ಆಲಿವರ್ ಚೇಸ್ ಎಂಬಾತ ಬಿಲ್ಲೆ ಕತ್ತರಿಸುವ ಯಂತ್ರ ಮಾಡಿದ, ಕಥೆ ಅಲ್ಲಿಂದ ಶುರು. 2018ರಲ್ಲಿ ಫ್ಯಾಕ್ಟರಿ ಮುಚ್ಚಿತು, 2020ರಲ್ಲಿ ಬೇರೆ ಕಂಪನಿ ಮತ್ತೆ ತಂದಿತು. ಮುಚ್ಚುವ ಸುದ್ದಿ ಬಂದಾಗ ಜನ ಮುಗಿಬಿದ್ದು ಕೊಂಡರು. ಯಾಕೋ ಗೊತ್ತಿಲ್ಲಪ್ಪ. ನನಗೆ ಅಂದೂ ಚಾಕ್‌ಪೀಸ್, ಇಂದೂ ಚಾಕ್‌ಪೀಸ್. ಒಂದು ತಿಂದು ತೋರಿಸುತ್ತೇನೆ. ಹ್ಞೂಂ, ಚಾಕ್‌ಪೀಸೇ. ಆದರೆ ಈ ಕಪ್ಪು ಬಿಲ್ಲೆ, ಲೈಕೋರಿಸ್, ಅಂದರೆ ಜ್ಯೇಷ್ಠಮಧುವಿನ ರುಚಿ... ತಡೀರಿ, ಇನ್ನೊಂದು. ಇದು ಪರವಾಗಿಲ್ಲ. ಚೆನ್ನಾಗಿದೆ ಅಂತಲೇ ಇಟ್ಕೊಳ್ಳಿ. ಮೊದಲು ಹೇಳಿದ್ದನ್ನು ವಾಪಸ್ ತಗೊಂಡೆ.

ಕೊನೆಗೊಂದು ಆಟ. ಲೈಫ್ ಸೇವರ್ಸ್ ವಿಂಟ್-ಓ-ಗ್ರೀನ್, ಉಂಗುರದ ಹಾಗಿರುವ ಮಿಂಟ್, ಇದು ಈಗಲೂ ಸಿಗುತ್ತದೆ. ಕತ್ತಲಲ್ಲಿ ಬಾಯಿ ತೆರೆದು ಕಡಿದರೆ ನೀಲಿ ಕಿಡಿ ಕಾಣುತ್ತದೆ. ಸಕ್ಕರೆ ಹರಳು ಮುರಿದಾಗ ಹುಟ್ಟುವ ಬೆಳಕನ್ನು ಅದರ ಪರಿಮಳಕ್ಕೆ ಹಾಕುವ ವಿಂಟರ್‌ಗ್ರೀನ್ ಎಣ್ಣೆ ನೀಲಿಯಾಗಿ ತೋರಿಸುತ್ತದೆ. ಕಂಬಳಿ ಹೊದ್ದು ಕನ್ನಡಿ ಮುಂದೆ ಎಷ್ಟು ಸಲ ಕಡಿದಿದ್ದೇನೋ. ಲೈಟ್ ಆರಿಸಿದ್ದೇನೆ. ನಿಮಗೆ ಏನೂ ಕಾಣುತ್ತಿಲ್ಲ ಅಲ್ವಾ? ಕಟುಂ. ಬಂತು! ನಾನು ಕನ್ನಡಿಯಲ್ಲಿ ನೋಡಿದೆ, ನಿಜವಾಗಲೂ ಬಂತು. ಕ್ಯಾಮೆರಾಗೆ ಸಿಗಲಿಲ್ಲ. ಫೋಕಸ್ ಪೂರ್ತಿ ಆ ಟ್ಯಾಂಜರೀನ್ ಚುಕ್ಕೆ ಮೇಲೆ ನಿಂತಿದೆ. ಬಿಸಿನೀರು ಕಾಯಿಸಿ ಬರುತ್ತೇನೆ, ಲೆನ್ಸ್ ಒರೆಸಬೇಕು.