ಅಪರೂಪದ ಸ್ಲಿಪರ್ ಆರ್ಕಿಡ್ ತೀರ್ಪುಗಾರರ ಮುಂದೆ ಬಂದಾಗ

[ದೃಶ್ಯ: ಅಗಲವಾದ ಮಿಶ್ರತಳಿ ಹೂವಿನ ಪಕ್ಕದಲ್ಲಿ ಮೆಕ್ಸಿಪೀಡಿಯಂ ಝೀರೋಫಿಟಿಕಂ ಗಿಡ]

ನಮಸ್ಕಾರ. ಅಂಗೈಯಗಲದ ಮಿಶ್ರತಳಿಯ ಪಕ್ಕದಲ್ಲಿ ಕಾಣುತ್ತಿರುವ ಈ ಪುಟ್ಟ ಬಿಳಿ ಸ್ಲಿಪರ್ ಆರ್ಕಿಡ್ ಹೂವಿನ ಅಗಲ ಸುಮಾರು 2 ಸೆಂಟಿಮೀಟರ್ ಮಾತ್ರ. ಮೆಕ್ಸಿಕೋದ ಓಹಾಕಾ ರಾಜ್ಯದಲ್ಲಿ 1985ರಲ್ಲಿ ಬೆರಳೆಣಿಕೆಯಷ್ಟು ಗಿಡಗಳಾಗಿ ಕಂಡುಬಂದ ಈ ಪ್ರಭೇದವನ್ನು 1990ರಲ್ಲಿ ಫ್ರಾಗ್ಮಿಪೀಡಿಯಂ ಕುಲದಡಿ ವರ್ಣಿಸಲಾಯಿತು. ಎರಡೇ ವರ್ಷಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಕುಲವೊಂದನ್ನು ರಚಿಸಬೇಕಾಯಿತು. ಇಂತಹ ಗಿಡ ಪ್ರದರ್ಶನದ ಮೇಜಿಗೆ ಬಂದರೆ ತೀರ್ಪುಗಾರರು ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಅಮೆರಿಕನ್ ಆರ್ಕಿಡ್ ಸೊಸೈಟಿಯ ಪದ್ಧತಿಯಲ್ಲಿ ಹೂವಿನ ಗುಣಮಟ್ಟಕ್ಕೆ 75ರಿಂದ 79 ಅಂಕ ಬಂದರೆ ಎಚ್‌ಸಿಸಿ (ಹೈಲಿ ಕಮೆಂಡೆಡ್ ಸರ್ಟಿಫಿಕೇಟ್), 80ರಿಂದ 89 ಬಂದರೆ ಎಎಂ (ಅವಾರ್ಡ್ ಆಫ್ ಮೆರಿಟ್), 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಫ್‌ಸಿಸಿ (ಫಸ್ಟ್ ಕ್ಲಾಸ್ ಸರ್ಟಿಫಿಕೇಟ್) ಎಂಬ ಪ್ರಶಸ್ತಿಗಳಿವೆ. ಆಕಾರ, ಬಣ್ಣ, ಗಾತ್ರ ಮೊದಲಾದವನ್ನು ತೂಗಿ ಅಂಕ ಕೊಡುವಾಗ, ಅದೇ ಬಗೆಯ ಗಿಡಗಳಲ್ಲಿ ಈವರೆಗೆ ಬಂದಿರುವ ಉತ್ತಮ ಹೂಗಳ ದಾಖಲೆಯನ್ನು ಮುಂದಿಟ್ಟುಕೊಳ್ಳುವುದು ರೂಢಿ. ಹಿಂದೆಂದೂ ಮೇಜಿಗೇ ಬಾರದ ಪ್ರಭೇದಕ್ಕೆ ಹೋಲಿಕೆಗೆ ಹಿಡಿಯಲು ಏನೂ ಇರುವುದಿಲ್ಲ. ಅಂತಹವುಗಳಿಗಾಗಿಯೇ ಇರುವುದು ಸರ್ಟಿಫಿಕೇಟ್ ಆಫ್ ಬೊಟಾನಿಕಲ್ ರೆಕಗ್ನಿಷನ್, ಚಿಕ್ಕದಾಗಿ ಸಿಬಿಆರ್. ಅಪರೂಪದ, ಅಧ್ಯಯನಕ್ಕೆ ಒದಗುವ, ಹಿಂದೆ ಯಾವ ಪ್ರಶಸ್ತಿಯನ್ನೂ ಪಡೆಯದ ಪ್ರಭೇದಕ್ಕೆ ಒಮ್ಮೆ ಮಾತ್ರ ಸಲ್ಲುವ ಮನ್ನಣೆ ಇದು. ಕತ್ತರಿಸಿದ ಹೂವನ್ನು ತಂದರೆ ಸಾಲದು, ಇಡೀ ಗಿಡವನ್ನೇ ತರಬೇಕು. ನನ್ನ ಮಟ್ಟಿಗೆ ಇದು ಎಫ್‌ಸಿಸಿಗಿಂತಲೂ ತೂಕದ ಗೌರವ, ಏಕೆಂದರೆ ಮುಂದೆ ಬರುವ ತೀರ್ಪುಗಾರರೆಲ್ಲರೂ ಮೊದಲು ತೆರೆದು ನೋಡುವುದು ಇದೇ ದಾಖಲೆಯನ್ನು.

[ದೃಶ್ಯ: ಹೂವಿನ ನಡುಭಾಗ, ಭೂತಗನ್ನಡಿಯಲ್ಲಿ]

ಆದರೆ ಪ್ರಮಾಣಪತ್ರ ಅಂದೇ ಕೈಗೆ ಬರುವುದಿಲ್ಲ. ಗಿಡದ ಗುರುತು ಪರಿಣತರಿಂದ ಖಚಿತವಾಗುವ ತನಕ ಆ ಮನ್ನಣೆ ತಾತ್ಕಾಲಿಕ, ಮತ್ತು ಸ್ಲಿಪರ್ ಆರ್ಕಿಡ್‌ಗಳಲ್ಲಿ ಈ ಗುರುತಿನ ಕೆಲಸ ಬಹುಪಾಲು ನಿಂತಿರುವುದು ಒಂದು ಚಿಕ್ಕ ಅಂಗದ ಮೇಲೆ. ಹೂವಿನ ತುಟಿ ಚೀಲದಂತೆ ಉಬ್ಬಿರುವುದನ್ನು ಎಲ್ಲರೂ ಗಮನಿಸುತ್ತಾರೆ. ಕೆಳಗಿನ ಎರಡು ಪುಷ್ಪಪತ್ರಗಳು ಕೂಡಿ ಒಂದಾಗಿರುವುದನ್ನು ಗಮನಿಸುವವರು ಕಡಿಮೆ. ಆ ಚೀಲದ ಬಾಯಿಯ ಮೇಲೆ ಗುರಾಣಿಯಂತೆ ನಿಂತಿರುವ, ಪರಾಗ ಕೊಡದ ಕೇಸರವೇ ಸ್ಟ್ಯಾಮಿನೋಡ್. ಪರಾಗವಿರುವ ಎರಡು ಕೇಸರಗಳು ಇದರ ಹಿಂದೆ ಎರಡೂ ಬದಿಗಳಲ್ಲಿವೆ. ಚೀಲದೊಳಗೆ ಬಿದ್ದ ಕೀಟವು ಹಿಂಬದಿಯಿಂದ ಏರಿ, ಶಲಾಕಾಗ್ರದ ಅಡಿಯಲ್ಲಿ ನುಸುಳಿ, ಅವುಗಳಲ್ಲೊಂದನ್ನು ಸವರಿಕೊಂಡೇ ಹೊರಬರಬೇಕು. ಸ್ಟ್ಯಾಮಿನೋಡಿನ ಅಂಚಿನ ಕಚ್ಚು, ಮೇಲ್ಮೈಯ ಉಬ್ಬು, ರೋಮಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗುತ್ತವೆ. ದಳಗಳ ಬಣ್ಣ ಗಿಡದಿಂದ ಗಿಡಕ್ಕೆ ಬದಲಾದರೂ ಇದು ಅಷ್ಟಾಗಿ ಬದಲಾಗದು.

ಆದ್ದರಿಂದ ಪ್ರದರ್ಶಕರು ಹೂವಿನ ಎದುರುನೋಟದ ಒಂದು ಚೆಂದದ ಚಿತ್ರಕ್ಕೆ ತೃಪ್ತಿಪಡಬಾರದು. ಸ್ಟ್ಯಾಮಿನೋಡನ್ನು ಎದುರಿನಿಂದಲೂ ಪಕ್ಕದಿಂದಲೂ ಹತ್ತಿರದಲ್ಲಿ, ಅಳತೆಪಟ್ಟಿಯೊಂದಿಗೆ ಚಿತ್ರಿಸಬೇಕು. ಎಲೆಯ ಎರಡೂ ಬದಿಗಳನ್ನು ದಾಖಲಿಸಬೇಕು. ಸಾಧ್ಯವಾದರೆ ಒಂದು ಹೂವನ್ನು ಆಲ್ಕೊಹಾಲಿನಲ್ಲಿ ಕಾಪಿಡಬೇಕು. ಆಲ್ಕೊಹಾಲಿನಲ್ಲಿ ಆಕಾರ ಉಳಿದರೂ ಬಣ್ಣ ಉಳಿಯದ ಕಾರಣ ಚಿತ್ರ ಮೊದಲು, ಸಂರಕ್ಷಣೆ ಆಮೇಲೆ. ಪ್ರಶಸ್ತಿ ಸಲ್ಲುವುದು ಆ ಒಂದು ಗಿಡಕ್ಕಾದ್ದರಿಂದ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯುವ ತಳಿ ಹೆಸರೂ ಬೇಕು.

[ದೃಶ್ಯ: ಫ್ರಾಗ್ಮಿಪೀಡಿಯಂ ಕೊವಾಚಿಯ ಕಡುನೇರಳೆ ಹೂ]

ಇನ್ನು ಗಿಡದ ಮೂಲದ ವಿಚಾರ. ಪ್ಯಾಫಿಯೋಪೀಡಿಲಂ ಮತ್ತು ಫ್ರಾಗ್ಮಿಪೀಡಿಯಂ ಎಂಬ ಸ್ಲಿಪರ್ ಆರ್ಕಿಡ್ ಕುಲಗಳ ಎಲ್ಲ ಪ್ರಭೇದಗಳೂ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವುದರಿಂದ ಕಾಡಿನಿಂದ ಕಿತ್ತ ಗಿಡಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ಅವಕಾಶವಿಲ್ಲ. ಪೆರುವಿನ ಈ ಕೊವಾಚಿ ಹೂವನ್ನು 2002ರಲ್ಲಿ, ಪ್ರತಿಸ್ಪರ್ಧಿ ಹೆಸರೊಂದು ಅಚ್ಚಾಗುವುದಕ್ಕೆ ಕೆಲವೇ ದಿನಗಳ ಮುಂಚೆ, ಫ್ಲಾರಿಡಾದ ಮೇರಿ ಸೆಲ್ಬಿ ಸಸ್ಯೋದ್ಯಾನವು ತರಾತುರಿಯಲ್ಲಿ ವರ್ಣಿಸಿ ಪ್ರಕಟಿಸಿತು. ಹೆಸರು ಸಸ್ಯಶಾಸ್ತ್ರದ ನಿಯಮದಂತೆ ಊರ್ಜಿತವಾಯಿತು. ಗಿಡ ಮಾತ್ರ ಪರವಾನಗಿಯಿಲ್ಲದೆ ದೇಶದಾಟಿ ಬಂದದ್ದಾಗಿತ್ತು. ಸಂಸ್ಥೆಯು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 5,000 ಡಾಲರ್ ದಂಡ ತೆತ್ತಿತು. ಮುಂದೆ ಪೆರು ಸರ್ಕಾರ ಕೆಲವು ನರ್ಸರಿಗಳಿಗೆ ಕೆಲವೇ ತಾಯಿಗಿಡಗಳನ್ನು ಸಂಗ್ರಹಿಸಲು ಅನುಮತಿಯಿತ್ತು, ಬೀಜದಿಂದ ಬೆಳೆಸಿದ ಸಸಿಗಳು ಕಾನೂನುಬದ್ಧವಾಗಿ ಹೊರಬಂದ ಬಳಿಕವೇ ಈ ಹೂ ನಿಶ್ಚಿಂತೆಯಿಂದ ಪ್ರದರ್ಶನದ ಮೇಜೇರುವಂತಾಯಿತು.

ಹೀಗಾಗಿ ಸಸಿ ಕೊಂಡ ರಸೀದಿ, ಬೀಜ ಮೊಳೆಯಿಸಿ ಸಸಿ ಬೆಳೆಸಿದ ಗಾಜಿನ ಫ್ಲಾಸ್ಕ್ ಬಂದ ಪ್ರಯೋಗಾಲಯದ ವಿವರ, ಆಮದಿನ ಅನುಮತಿಪತ್ರದ ಪ್ರತಿ, ಇವುಗಳನ್ನು ಗಿಡ ಹೂ ಬಿಡುವುದಕ್ಕೆ ವರ್ಷಗಳ ಮುಂಚಿನಿಂದಲೇ ಕೂಡಿಟ್ಟಿರಬೇಕು. ಮೇಜಿನ ಬಳಿ ನಿಂತು ಹುಡುಕಿದರೆ ಅವು ಸಿಗುವುದಿಲ್ಲ. ಪರಿಣತರು ಗಿಡವನ್ನು ಬೇರೊಂದು ಪ್ರಭೇದವೆಂದು ನಿರ್ಧರಿಸಿದರೆ, ಮತ್ತು ಆ ಪ್ರಭೇದಕ್ಕೆ ಈಗಾಗಲೇ ಪ್ರಶಸ್ತಿ ಬಂದಿದ್ದರೆ, ಸಿಬಿಆರ್ ಸಿಗುವುದಿಲ್ಲ. ಆಗ ಅದೇ ಗಿಡವನ್ನು ಮುಂದಿನ ಹೂವಿನ ಕಾಲದಲ್ಲಿ ಸರಿಯಾದ ಹೆಸರಿನಡಿ, ಎಲ್ಲರಂತೆ ಅಂಕಗಳ ತಕ್ಕಡಿಗೇ ಇಡಬೇಕಾಗುತ್ತದೆ.