ಹೆಬ್ಬಾತು: ಮೊದಲು ತಳಿ, ಆಮೇಲೆ ಗಂಡು ಹೆಣ್ಣು

ಕೇಳುಗ ಬಾಂಧವರಿಗೆ ನಮಸ್ಕಾರ.

ಅಜ್ಜಂಪುರದ ಅಮೃತಮಹಲ್ ಹೋರಿಯ ಕೊಂಬು, ಗಂಗೆದೊಗಲುಗಳನ್ನು ನೋಡಿ ದೂರದಿಂದಲೇ ತಳಿ ಹೇಳಬಲ್ಲ ನಮ್ಮ ಸೀಮೆಯ ರೈತರು, ಕತ್ತು ಚಾಚಿ ಅರಚುತ್ತ ಮೈಮೇಲೆ ಬರುವ ಹೆಬ್ಬಾತಿನ ಮುಂದೆ ಮಾತ್ರ ತಡವರಿಸುತ್ತಾರೆ. ಬಾತುಕೋಳಿಗೂ ಹೆಬ್ಬಾತಿಗೂ ಒಂದೇ ಹೆಸರು ಬಳಸುವುದು ಇದಕ್ಕೆ ಅರ್ಧ ಕಾರಣ. ಗಂಡು ಬಾತುಕೋಳಿಯ ಬಾಲದ ಮೇಲೆ ಸುರುಳಿಯಾದ ಗರಿ ಇರುತ್ತದೆಂದು ಬಲ್ಲವರು ಅದೇ ಗುರುತನ್ನು ಹೆಬ್ಬಾತಿನಲ್ಲೂ ಹುಡುಕುತ್ತಾರೆ. ಅದು ಅಲ್ಲಿ ಇರುವುದೇ ಇಲ್ಲ. ಹೆಬ್ಬಾತಿನ ಗಂಡಿಗೂ ಹೆಣ್ಣಿಗೂ ಬಾಲ ಒಂದೇ ತೆರನಾದದ್ದು.

ನಾನೂ ಹೀಗೆ ಮೋಸಹೋದವನೇ. ತೋಟದ ಮನೆಯ ಕಾವಲಿಗೆಂದು ಸಂತೆಯಲ್ಲಿ ಒಂದು ಜೋಡಿ ಕೊಂಡೆ. ಮಾರುವವನು ಎರಡನ್ನೂ ಕೋಳಿಯಂತೆ ಕಾಲು ಹಿಡಿದು ತಲೆಕೆಳಗಾಗಿ ತೂಗಿಸಿ, ದಪ್ಪಗಿದ್ದುದನ್ನು ಗಂಡೆಂದೂ ಸಣ್ಣದನ್ನು ಹೆಣ್ಣೆಂದೂ ಹೇಳಿದ. ಮುಂದೆ ಎರಡೂ ಒಂದೇ ಗೂಡಿನಲ್ಲಿ ಮೊಟ್ಟೆಯಿಟ್ಟು, ಸರದಿಯ ಮೇಲೆ ಕಾವಿಗೆ ಕುಳಿತವು. ಹತ್ತನೆಯ ರಾತ್ರಿ ಮೊಟ್ಟೆಗಳನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದರೆ, ಜೇಡರ ಬಲೆಯಂತೆ ಹರಡಿರಬೇಕಾದ ರಕ್ತನಾಳಗಳು ಒಂದರಲ್ಲೂ ಇಲ್ಲ. ಆದರೂ ಆ ಎರಡು ಹೆಣ್ಣುಗಳು ತಿಂಗಳು ತುಂಬುವವರೆಗೆ ಎದ್ದು ಬರಲೊಪ್ಪಲಿಲ್ಲ.

ಅಂದು ತಿಳಿದದ್ದು ಇಷ್ಟು: ತಳಿ ಯಾವುದೆಂದು ಗೊತ್ತಿಲ್ಲದೆ ಗಂಡು ಹೆಣ್ಣಿನ ನಿರ್ಣಯಕ್ಕೆ ಕೈಹಾಕಬಾರದು, ಏಕೆಂದರೆ ಒಂದು ತಳಿಯಲ್ಲಿ ಗಂಡಿನ ಗುರುತಾಗಿರುವ ಲಕ್ಷಣ ಇನ್ನೊಂದರಲ್ಲಿ ಏನನ್ನೂ ಹೇಳುವುದಿಲ್ಲ.

ಸಾಕು ಹೆಬ್ಬಾತುಗಳೆಲ್ಲ ಎರಡು ಕಾಡುಮೂಲಗಳಿಂದ ಬಂದಿವೆ. ಯೂರೋಪಿನ ತಳಿಗಳು ಬೂದು ಹೆಬ್ಬಾತಿನ ಸಂತತಿ. ಚೀನೀ ಮತ್ತು ಆಫ್ರಿಕನ್ ತಳಿಗಳು ಪೂರ್ವ ಏಷ್ಯಾದ ಹಂಸ ಹೆಬ್ಬಾತಿನ ಸಂತತಿ. ಆಫ್ರಿಕನ್ ಎಂಬ ಹೆಸರು ಹೇಗೆ ಅಂಟಿಕೊಂಡಿತೋ, ಹಕ್ಕಿಯ ಮೂಲ ಮಾತ್ರ ಆ ಖಂಡದ್ದಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ನಮ್ಮ ರಾಜ್ಯದ ಕೆರೆಗಳಿಗೆ ಬರುವ ಪಟ್ಟೆತಲೆಯ ಹೆಬ್ಬಾತು ಈ ಎರಡೂ ವಂಶಕ್ಕೆ ಸೇರಿದ್ದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಮಕರಗಳ ಮೇಲಿನ ಸಾಲಿನಲ್ಲಿರುವ ಹಂಸಗಳ ತಳಿಯನ್ನು ಯಾರೂ ಕೇಳುವಂತಿಲ್ಲ; ಶಿಲ್ಪಿ ಅವುಗಳ ಬಾಲವನ್ನೇ ಬಳ್ಳಿಯಾಗಿ ಹಬ್ಬಿಸಿಬಿಟ್ಟಿದ್ದಾನೆ.

ಮೊದಲು ಕೊಕ್ಕಿನ ಬುಡವನ್ನು ನೋಡಿ. ಅಲ್ಲಿ ಗಂಟಿದ್ದರೆ ಅದು ಹಂಸ ಹೆಬ್ಬಾತಿನ ಕಡೆಯದು. ಕತ್ತು ತೆಳ್ಳಗೆ ನೀಳವಾಗಿ, ಮೈ ನೆಟ್ಟಗೆ ನಿಂತಿದ್ದು, ತೂಕ 4ರಿಂದ 5 ಕಿಲೋ ಇದ್ದರೆ ಚೀನೀ ತಳಿ. ಕಂದು ಬಗೆಯಲ್ಲಿ ಕೊಕ್ಕು ಕಪ್ಪು, ನೆತ್ತಿಯಿಂದ ಬೆನ್ನಿನವರೆಗೆ ಕತ್ತಿನ ಹಿಂಬದಿಗೆ ಗಾಢವಾದ ಪಟ್ಟೆ. ಬಿಳಿ ಬಗೆಯಲ್ಲಿ ಕೊಕ್ಕೂ ಗಂಟೂ ಕಿತ್ತಳೆ. ಗಂಟಿನ ಜೊತೆಗೆ ಗಂಟಲ ಕೆಳಗೆ ಗಂಗೆದೊಗಲು ಜೋತಿದ್ದು, ಮೈ ಭಾರಿಯಾಗಿದ್ದರೆ ಆಫ್ರಿಕನ್. ಗಂಟಿಲ್ಲದೆ, ಕತ್ತಿನ ಗರಿಗಳು ನೇಗಿಲಿನಿಂದ ಉತ್ತ ಹೊಲದಂತೆ ಸಾಲುಸಾಲಾಗಿದ್ದರೆ ಯೂರೋಪಿನದು: ಅಚ್ಚ ಬಿಳುಪು, ನೀಲಿ ಕಣ್ಣು ಇದ್ದರೆ ಎಂಬ್ಡನ್, ಬೂದು ಬಣ್ಣ, ಅಗಲವಾದ ಮೈ ಇದ್ದರೆ ಟೂಲೂಸ್. ಎರಡೂ ಮೂಲಗಳ ಮಿಶ್ರ ಮರಿಗಳು ಬಂಜೆಯಾಗುವುದಿಲ್ಲವಾದ್ದರಿಂದ, ಸಂತೆಗೆ ಬರುವವುಗಳಲ್ಲಿ ಬೆರಕೆ ತಳಿಗಳೂ ಇರುತ್ತವೆ. ಅರ್ಧ ಗಂಟು, ಅರ್ಧ ಪಟ್ಟೆ ಕಂಡರೆ ಗಾಬರಿಯಾಗಬೇಕಿಲ್ಲ.

ಇನ್ನು ಗಂಡು ಹೆಣ್ಣು. ಚೀನೀ ತಳಿಯಲ್ಲಿ ಗಂಡಿನ ಗಂಟು ದೊಡ್ಡದೆಂಬುದು ನಿಜ, ಆದರೆ ಒಂದೇ ವಯಸ್ಸಿನ ಹಕ್ಕಿಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗ ಮಾತ್ರ. ಮರಿಗೆ ಗಂಟಿರುವುದಿಲ್ಲ, ಅದು ವಯಸ್ಸಿನೊಡನೆ ಬೆಳೆಯುತ್ತದೆ. ನನಗೆ ಗಂಡೆಂದು ಮಾರಿದ್ದು ಅಂಥದೇ ಹಳೆಯ ಹೆಣ್ಣು. ಕಾಲುಗಳ ನಡುವೆ ಹೊಟ್ಟೆ ಜೋತಿರುವುದು ಮೊಟ್ಟೆಯಿಡುವ ಹೆಣ್ಣಿನ ಲಕ್ಷಣವೆಂದು ಹೇಳುವರು. ಆದರೆ ಟೂಲೂಸಿನಲ್ಲಿ ಗಂಡಿಗೂ ಹೊಟ್ಟೆ ಜೋತಿರುತ್ತದೆ. ಬಣ್ಣದಿಂದಲೇ ನಿರ್ಣಯವಾಗುವ ತಳಿ ಪಿಲ್‌ಗ್ರಿಮ್: ಅದರಲ್ಲಿ ಗಂಡು ಬಿಳಿ, ಹೆಣ್ಣು ಬೂದು. ಬಣ್ಣವನ್ನು ತೆಳುವಾಗಿಸುವ ಅಂಶ, ಗಂಡು ಹೆಣ್ಣನ್ನು ನಿರ್ಧರಿಸುವ ಝಡ್ ಎಂಬ ವರ್ಣತಂತುವಿನ (ಕ್ರೋಮೋಸೋಮಿನ) ಮೇಲಿದೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ ಆದ್ದರಿಂದ ಗಂಡಿಗೆ ಎರಡು ಪಾಲು ದೊರೆತು ಬಿಳಿಚುತ್ತದೆ. ಇದನ್ನು ಕೇಳಿ, ಬಿಳಿಯದೆಲ್ಲ ಗಂಡೆಂದು ಎಂಬ್ಡನ್ ಹಿಂಡಿನೊಳಗೆ ಹೋದರೆ ಹಿಂಡೆಲ್ಲ ಗಂಡೇ ಆದೀತು.

ನಾನು ಹೆಚ್ಚು ನಂಬುವುದು ದನಿಯನ್ನು. ಬೆಳೆದ ಗಂಡಿನದು ಕೀರಲು, ಎತ್ತರದ ದನಿ. ಹೆಣ್ಣಿನದು ಒಡಕಲು, ತಗ್ಗಿನ ದನಿ. ಬಾತುಕೋಳಿಯಲ್ಲಿ ಜೋರಾಗಿ ಕೂಗುವುದು ಹೆಣ್ಣೆಂಬ ನೆನಪಿನಿಂದ ಇಲ್ಲಿ ತೀರ್ಪು ಕೊಡಬೇಡಿ. ಹಿಂಡಿನತ್ತ ನಿಧಾನವಾಗಿ ನಾಲ್ಕು ಹೆಜ್ಜೆ ನಡೆಯಿರಿ. ಕತ್ತನ್ನು ನೆಲಮಟ್ಟಕ್ಕೆ ತಗ್ಗಿಸಿ ಬುಸುಗುಟ್ಟುತ್ತ ಮುಂದೆ ಬರುವುದು ಬಹುಮಟ್ಟಿಗೆ ಗಂಡು. ಬಹುಮಟ್ಟಿಗೆ ಎಂದೆ, ಏಕೆಂದರೆ ಕಾವಿಗೆ ಕುಳಿತ ಹೆಣ್ಣೂ ಬುಸುಗುಟ್ಟುತ್ತದೆ. ಬೇಕಾದರೆ ನನ್ನ ಮೊಣಕಾಲನ್ನು ಕೇಳಿ.

ಸಂಶಯ ಉಳಿದರೆ ಗುದದ್ವಾರದ ಪರೀಕ್ಷೆಯೇ ಗತಿ. ಹಕ್ಕಿಯನ್ನು ಅಂಗಾತ ಮಲಗಿಸಿ, ಬಾಲವನ್ನು ಬೆನ್ನಿನತ್ತ ಬಾಗಿಸಿ, ದ್ವಾರದ ಎರಡೂ ಬದಿಯನ್ನು ಹಗುರವಾಗಿ ಒತ್ತಿದರೆ ಗಂಡಿನ ಸುರುಳಿಯಾಕಾರದ ಅಂಗ ಹೊರಗೆ ಕಾಣುತ್ತದೆ. ದಿನದ ಮರಿಯಲ್ಲಿ ಅದು ಗುಂಡುಸೂಜಿಯ ತಲೆಯಷ್ಟೇ ಇರುತ್ತದೆ. ಕಂಡರೆ ಗಂಡೆಂಬುದು ಖಂಡಿತ, ಕಾಣದಿದ್ದರೆ ಹೆಣ್ಣೆಂದು ಹೇಳಲು ಅಷ್ಟೇ ಸಾಲದು; ಎಳೆಯ ಗಂಡು ಅಷ್ಟು ಸುಲಭವಾಗಿ ತೋರಿಸಿಕೊಳ್ಳುವುದಿಲ್ಲ. ಒರಟಾಗಿ ಒತ್ತಿದರೆ ಹಕ್ಕಿ ಜೀವನಪೂರ್ತಿ ಕೆಡುತ್ತದೆ. ಆದ್ದರಿಂದ ಮೊದಲ ಸಲ ಪಶುವೈದ್ಯರ ಕೈಯಲ್ಲಿ ಮಾಡಿಸಿ ನೋಡಿ ಕಲಿಯುವುದು ಮೇಲು. ಹಿಡಿಯುವಾಗಲೂ ಕಾಲಿಗೆ ಕೈಹಾಕದೆ, ರೆಕ್ಕೆಗಳನ್ನು ಮೈಗೆ ಒತ್ತಿ ಕಂಕುಳಲ್ಲಿ ಇರಿಸಿಕೊಳ್ಳಿ, ಅದರ ಕಾಲು ಮೈಯ ಭಾರಕ್ಕೆ ತಕ್ಕಷ್ಟು ಗಟ್ಟಿಯಲ್ಲ.

ನಿರ್ಣಯವಾದ ದಿನವೇ ಗಂಡಿನ ಕಾಲಿಗೊಂದು ಬಣ್ಣದ ಬಳೆ ತೊಡಿಸಿ. ಚೀನೀ ತಳಿಯಾದರೆ ಒಂದು ಗಂಡಿಗೆ 4 ಅಥವಾ 5 ಹೆಣ್ಣು, ಭಾರಿ ತಳಿಯಾದರೆ 2 ಅಥವಾ 3 ಸಾಕು. ನಮ್ಮ ಮನೆಯ ಆ ಎರಡು ಹೆಣ್ಣುಗಳಿಗೆ ಮರುವರ್ಷ ಕೀರಲು ದನಿಯ ಒಂದನ್ನು ಹುಡುಕಿ ತಂದೆ. ಅದರ ಬಲಗಾಲಿನಲ್ಲಿ ಈಗಲೂ ಕೆಂಪು ಬಳೆಯಿದೆ.

ನಮಸ್ಕಾರ.